ಸಿಹಿಯ ಮಡಕೆ ಇಳಿದ ಊರು

ಜೈಸಲ್ಮೇರ್ ತಲುಪುವ ಮೊದಲೇ ಅದರ ಕೋಟೆ ಕಣ್ಣಿಗೆ ಬೀಳುತ್ತದೆ. ಸುತ್ತ ಚಪ್ಪಟೆ ನೆಲ, ಅಲ್ಲಲ್ಲಿ ಕುರುಚಲು ಗಿಡ, ನಡುವೆ ತ್ರಿಕೂಟ ಎಂಬ ಗುಡ್ಡ. ಆ ಗುಡ್ಡದ ತಲೆಯ ಮೇಲೆ 99 ಬುರುಜುಗಳ ಹಳದಿ ಕಲ್ಲಿನ ಕೋಟೆ. ಮಧ್ಯಾಹ್ನದ ಬಿಸಿಲಿನಲ್ಲಿ ಅದು ಮಣ್ಣಿನ ಬಣ್ಣದ್ದು. ಸೂರ್ಯ ಇಳಿಯುವ ಹೊತ್ತಿಗೆ ಒಗ್ಗರಣೆಗೆ ಅರಿಶಿನ ಬಿದ್ದ ಹಾಗೆ ಹೊಳೆಯತೊಡಗುತ್ತದೆ. 1156ರಲ್ಲಿ ರಾವಲ್ ಜೈಸಲ್ ಎಂಬ ಭಾಟಿ ರಜಪೂತ ದೊರೆ ಕಟ್ಟಿಸಲು ತೊಡಗಿದ ಕೋಟೆ ಇದು. ಎಂಟುನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದರೂ ಇದು ಖಾಲಿ ಬಿದ್ದಿಲ್ಲ. ಒಳಗೆ ಇಂದಿಗೂ ಜನ ಸಂಸಾರ ಮಾಡಿಕೊಂಡಿದ್ದಾರೆ. ಬಾಗಿಲಲ್ಲಿ ಹಪ್ಪಳ ಒಣಗುತ್ತದೆ, ಓಣಿಯಲ್ಲಿ ಹಸು ಅಡ್ಡ ನಿಲ್ಲುತ್ತದೆ, ಮಕ್ಕಳು ಶಾಲೆಯ ಚೀಲ ಹೊತ್ತು ಕೋಟೆ ಬಾಗಿಲಿನಿಂದ ಓಡಿ ಬರುತ್ತಾರೆ.

ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಕೋಟೆ ನೋಡಲು, ಮರಳ ದಿಬ್ಬದಲ್ಲಿ ಒಂಟೆ ಹತ್ತಲು ಬರುತ್ತಾರೆ. ನಾನು, ನಮ್ಮನೆಯವರು ಮತ್ತು ಹತ್ತು ವರ್ಷದ ನಮ್ಮ ಮೊಮ್ಮಗ ಮೈಸೂರಿನಿಂದ ಇಷ್ಟು ದೂರ ಬಂದದ್ದು ಒಂದು ಸಿನಿಮಾದ ಜಾಡು ಹಿಡಿದು. ಮೊಮ್ಮಗನ ಮಾತಿನಲ್ಲಿ ಹೇಳುವುದಾದರೆ, "ಸೈನಿಕರು ಯುದ್ಧ ಬಿಟ್ಟು ಸಿಹಿ ತಿನ್ನೋಕೆ ಓಡಿದ ಜಾಗ" ನೋಡಲು.

ಆ ಸಿನಿಮಾ ‘ಗೂಪಿ ಗಾಯೇನ್ ಬಾಘಾ ಬಾಯೇನ್’. 1969ರಲ್ಲಿ ತೆರೆಕಂಡ ಬಂಗಾಳಿ ಚಿತ್ರ. ನಿರ್ದೇಶಕ ಸತ್ಯಜಿತ್ ರಾಯ್. ‘ಪಥೇರ್ ಪಾಂಚಾಲಿ’ ಮಾಡಿದ ಗಂಭೀರ ಮನುಷ್ಯ ದೆವ್ವ, ಮಂತ್ರವಾದಿ, ಮಾಯಾ ಚಪ್ಪಲಿ ಎಲ್ಲ ಇರುವ ನಗೆಯ ಚಿತ್ರ ಮಾಡಿದ್ದಾರೆ ಎಂದರೆ ಅಜ್ಜ ಅಜ್ಜಿಯರಿಗೂ ಕುತೂಹಲ ಹುಟ್ಟಬೇಕು. ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣ ಪದಕವೂ ಇದಕ್ಕೆ ಸಿಕ್ಕಿತು.

ಈ ಕಥೆ ಹುಟ್ಟಿದ್ದು ನೀವು ಈಗ ಕೈಯಲ್ಲಿ ಹಿಡಿದಿರುವಂಥ ಒಂದು ಮಕ್ಕಳ ಪತ್ರಿಕೆಯಲ್ಲಿ. ಕಲ್ಕತ್ತೆಯಲ್ಲಿ ಉಪೇಂದ್ರಕಿಶೋರ್ ರಾಯ್‌ಚೌಧುರಿ ಎಂಬುವರಿದ್ದರು. ಕಥೆ ಬರೆಯುತ್ತಿದ್ದರು, ಚಿತ್ರ ಬಿಡಿಸುತ್ತಿದ್ದರು, ಪಿಟೀಲು ನುಡಿಸುತ್ತಿದ್ದರು. ಚಿತ್ರಗಳನ್ನು ಚೆನ್ನಾಗಿ ಅಚ್ಚು ಹಾಕುವುದು ಹೇಗೆಂದು ಪ್ರಯೋಗಗಳನ್ನೂ ಮಾಡುತ್ತಿದ್ದರು. 1913ರಲ್ಲಿ ಅವರು ಮಕ್ಕಳಿಗಾಗಿ ‘ಸಂದೇಶ್’ ಎಂಬ ಪತ್ರಿಕೆ ಆರಂಭಿಸಿದರು. ಬಂಗಾಳಿಯಲ್ಲಿ ಸಂದೇಶ್ ಎಂದರೆ ಸುದ್ದಿ ಎಂದೂ ಆಗುತ್ತದೆ, ಛೇನಾದಿಂದ ಮಾಡುವ ಒಂದು ಸಿಹಿ ಎಂದೂ ಆಗುತ್ತದೆ. ಆ ಪತ್ರಿಕೆಯಲ್ಲಿ 1915ರಲ್ಲಿ ಅವರು ಬರೆದದ್ದು ಗೂಪಿ ಮತ್ತು ಬಾಘಾರ ಕಥೆ. ಅದೇ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು.

ಅವರ ಮೊಮ್ಮಗ ಸತ್ಯಜಿತ್ ಹುಟ್ಟಿದ್ದು 1921ರಲ್ಲಿ. ಅಂದರೆ ಅಜ್ಜ ಮೊಮ್ಮಗನನ್ನು ನೋಡಲಿಲ್ಲ, ಮೊಮ್ಮಗ ಅಜ್ಜನ ತೊಡೆಯ ಮೇಲೆ ಕೂರಲಿಲ್ಲ. ಅಪ್ಪ ಸುಕುಮಾರ್ ರಾಯ್ ಕೂಡ ಮಗನಿಗೆ ಎರಡೂವರೆ ವರ್ಷ ತುಂಬುವ ಮೊದಲೇ ಹೋಗಿಬಿಟ್ಟರು. ಆ ಮಗುವಿನ ಪಾಲಿಗೆ ಉಳಿದದ್ದು ಅಜ್ಜನೂ ಅಪ್ಪನೂ ಬರೆದಿಟ್ಟ ಕಥೆ, ಪದ್ಯ, ಚಿತ್ರಗಳು. ಮುಂದೆ ಸತ್ಯಜಿತ್ ದೊಡ್ಡವರಾಗಿ ಹೆಸರಾಂತ ನಿರ್ದೇಶಕರಾದ ಮೇಲೆ, ನಿಂತುಹೋಗಿದ್ದ ‘ಸಂದೇಶ್’ ಪತ್ರಿಕೆಯನ್ನು 1961ರಲ್ಲಿ ಮತ್ತೆ ಶುರು ಮಾಡಿದರು. ಅವರ ಮಗ ಸಂದೀಪ್ ಆಗ ಚಿಕ್ಕ ಹುಡುಗ. ಅಪ್ಪ ಮಾಡುವ ಸಿನಿಮಾಗಳೆಲ್ಲ ದೊಡ್ಡವರಿಗೆ, ಎಲ್ಲವೂ ದುಃಖದವು, ನಮ್ಮಂಥವರಿಗೆ ಒಂದಾದರೂ ಮಾಡಬಾರದೇ ಎಂದು ಅವನ ತಕರಾರು. ಆ ತಕರಾರಿಗೆ ಅಪ್ಪ ಕೊಟ್ಟ ಉತ್ತರವೇ ಮುತ್ತಜ್ಜನ ಈ ಕಥೆ. ಮುಂದೆ ಗೂಪಿ ಬಾಘಾರ ಮೂರನೆಯ ಚಿತ್ರವನ್ನು ನಿರ್ದೇಶಿಸಿದ್ದು ಅದೇ ಸಂದೀಪ್.

ಕಥೆ ಹೀಗಿದೆ. ಗೂಪಿಗೆ ಹಾಡುವ ಹುಚ್ಚು. ಆದರೆ ಸ್ವರವೇ ಇಲ್ಲ. ಅವನ ಹಾಡು ಕೇಳಿ ಸಿಟ್ಟಾದ ರಾಜ ಅವನನ್ನು ಕತ್ತೆಯ ಮೇಲೆ ಕೂರಿಸಿ ಊರಾಚೆ ಅಟ್ಟುತ್ತಾನೆ. ಬಾಘಾನಿಗೆ ಡೋಲು ಬಾರಿಸುವ ಹುಚ್ಚು. ಅವನ ಗತಿಯೂ ಅದೇ. ಇಬ್ಬರೂ ಬಿದಿರು ಕಾಡಿನಲ್ಲಿ ಭೇಟಿಯಾಗುತ್ತಾರೆ. ಹುಲಿ ಬಂದಾಗ ಜೀವ ಕೈಯಲ್ಲಿ ಹಿಡಿದು ನಿಂತು, ಅದು ಹೋದ ಖುಷಿಗೆ ಹಾಡಿ ಕುಣಿಯುತ್ತಾರೆ. ಮನುಷ್ಯರಿಗೆ ಹಿಡಿಸದ ಆ ಸಂಗೀತ ದೆವ್ವಗಳಿಗೆ ಬಹಳ ಹಿಡಿಸುತ್ತದೆ! ದೆವ್ವಗಳ ರಾಜ ಪ್ರತ್ಯಕ್ಷನಾಗಿ ಮೂರು ವರ ಕೊಡುತ್ತಾನೆ. ಒಂದು, ಇಬ್ಬರೂ ಸೇರಿ ಚಪ್ಪಾಳೆ ತಟ್ಟಿದರೆ ಬೇಕಾದ ಊಟ, ಬಟ್ಟೆ. ಎರಡು, ಮಾಯಾ ಚಪ್ಪಲಿ ಮೆಟ್ಟಿ ಊರಿನ ಹೆಸರು ಹೇಳಿ ಚಪ್ಪಾಳೆ ಹೊಡೆದರೆ ಆ ಊರು. ಮೂರು, ಅವರು ಹಾಡಿ ಬಾರಿಸಿದರೆ ಕೇಳಿದವರು ಅಲ್ಲಾಡದೆ ನಿಂತುಬಿಡುತ್ತಾರೆ. ದೆವ್ವದ ರಾಜನ ಆ ವಿಚಿತ್ರ ದನಿ ಯಾರದು ಗೊತ್ತೇ ಮಕ್ಕಳೇ? ಸ್ವತಃ ಸತ್ಯಜಿತ್ ರಾಯ್ ಅವರದ್ದೇ!

ಚಿತ್ರದಲ್ಲಿ ಆರೇಳು ನಿಮಿಷದ ಒಂದು ದೆವ್ವದ ಕುಣಿತವಿದೆ. ರಾಜ ದೆವ್ವಗಳು, ಬಡ ರೈತ ದೆವ್ವಗಳು, ಟೋಪಿ ಹಾಕಿದ ಬಿಳಿ ದೊರೆ ದೆವ್ವಗಳು, ಹೊಟ್ಟೆ ಬೆಳೆಸಿದ ದಪ್ಪ ದೆವ್ವಗಳು ಎಂದು ನಾಲ್ಕು ಪಂಗಡ. ಮನೆಯಲ್ಲಿ ಆ ದೃಶ್ಯ ಬಂದಾಗ ನಮ್ಮನೆಯವರು ತಟ್ಟನೆ ನೆಟ್ಟಗೆ ಕೂತರು. ರಾಮನವಮಿಯ ಕಛೇರಿಗಳನ್ನು ಒಂದೂ ಬಿಡದೆ ಕೇಳುವವರು ಅವರು. "ಇದು ನಮ್ಮ ತಾಳವಾದ್ಯ ಕಛೇರಿ ಕಣೇ!" ಎಂದರು. ನಿಜ. ಆ ಕುಣಿತಕ್ಕೆ ಸತ್ಯಜಿತ್ ಬಳಸಿದ್ದು ನಮ್ಮ ಕರ್ನಾಟಕ ಸಂಗೀತದ ವಾದ್ಯಗಳನ್ನು. ರಾಜರಿಗೆ ಮೃದಂಗ, ರೈತರಿಗೆ ಕಂಜಿರ, ಬಿಗುಮಾನದ ಬಿಳಿಯರಿಗೆ ಘಟ, ದಪ್ಪನವರಿಗೆ ಬೊಂಯ್ ಬೊಂಯ್ ಎನ್ನುವ ಮೋರ್ಸಿಂಗ್! ದೆವ್ವಗಳು ಮೊದಲು ಕುಣಿಯುತ್ತವೆ, ಆಮೇಲೆ ತಮ್ಮತಮ್ಮಲ್ಲೇ ಹೊಡೆದಾಡುತ್ತವೆ, ಕೊನೆಗೆ ನಾಲ್ಕೂ ಪಂಗಡ ಒಂದರ ಮೇಲೊಂದು ಸಾಲಾಗಿ ನಿಂತು ಒಟ್ಟಿಗೆ ಕುಣಿಯುತ್ತವೆ. ಮಾತೇ ಇಲ್ಲ. ತಾಳ ಒಂದೇ ಮಾತು.

ನಮ್ಮ ಕಡೆಯ ಇನ್ನೊಂದು ನಂಟೂ ಇದರಲ್ಲಿದೆ. ಉದ್ದ ಗಡ್ಡದ ಮಂತ್ರವಾದಿ ಬರ್ಫಿಯ ಪಾತ್ರ ಮಾಡಿದವರು ಹರೀಂದ್ರನಾಥ ಚಟ್ಟೋಪಾಧ್ಯಾಯ. ಅವರು ಸರೋಜಿನಿ ನಾಯ್ಡು ಅವರ ತಮ್ಮ. ಮಂಗಳೂರಿನಲ್ಲಿ ಹುಟ್ಟಿ, ದೇಶದ ಕರಕುಶಲ ಕಲೆಗಳನ್ನೆಲ್ಲ ಎತ್ತಿ ನಿಲ್ಲಿಸಿದ ಕಮಲಾದೇವಿ ಚಟ್ಟೋಪಾಧ್ಯಾಯ ಮದುವೆಯಾಗಿದ್ದು ಇವರನ್ನೇ. ‘ಆಶೀರ್ವಾದ್’ ಹಿಂದಿ ಚಿತ್ರದಲ್ಲಿ ಅಶೋಕ್ ಕುಮಾರ್ ಮಕ್ಕಳೊಂದಿಗೆ ಹಾಡುವ ರೈಲಿನ ಹಾಡು ನೆನಪಿದೆಯಲ್ಲವೇ? ಅದನ್ನು ಬರೆದವರೂ ಇವರೇ.

ಇನ್ನು ಕಥೆಯ ಉಳಿದ ಭಾಗ. ಶುಂಡಿ, ಹಲ್ಲಾ ಎಂದು ಎರಡು ರಾಜ್ಯ. ರಾಜರಿಬ್ಬರೂ ಅಣ್ಣ ತಮ್ಮಂದಿರು. ಎರಡೂ ಪಾತ್ರವನ್ನು ಮಾಡಿದ್ದು ಸಂತೋಷ್ ದತ್ತ ಒಬ್ಬರೇ. ಶುಂಡಿಯ ಪ್ರಜೆಗಳು ರೋಗ ಬಂದು ಮಾತು ಕಳೆದುಕೊಂಡವರು, ಆದರೆ ನೆಮ್ಮದಿಯಾಗಿದ್ದಾರೆ. ಹಲ್ಲಾದ ರಾಜ ಸಾಧು, ಮಗುವಿನಂಥವನು. ಆದರೆ ಅವನ ಮಂತ್ರಿ ಬರ್ಫಿಯಿಂದ ಮದ್ದು ಮಾಡಿಸಿ ಕುಡಿಸಿ ಅವನನ್ನು ಸಿಡುಕನನ್ನಾಗಿ ಮಾಡಿ ಶುಂಡಿಯ ಮೇಲೆ ಯುದ್ಧ ಸಾರಿಸುತ್ತಾನೆ. ಗೂಪಿ ಬಾಘಾ ಯುದ್ಧ ತಪ್ಪಿಸಲು ಹಲ್ಲಾಕ್ಕೆ ಹೋಗುತ್ತಾರೆ. ಆ ಹಲ್ಲಾ ಎಂಬ ರಾಜ್ಯವೇ ನಾವು ನಿಂತಿರುವ ಈ ಜೈಸಲ್ಮೇರ್.

ಕೋಟೆಗೆ ಹತ್ತುವ ದಾರಿಯಲ್ಲಿ ಒಂದರ ನಂತರ ಒಂದು ನಾಲ್ಕು ಬಾಗಿಲುಗಳಿವೆ. ಅಖೈ ಪೋಲ್, ಸೂರಜ್ ಪೋಲ್, ಗಣೇಶ್ ಪೋಲ್, ಹವಾ ಪೋಲ್. ಪೋಲ್ ಎಂದರೆ ಹೆಬ್ಬಾಗಿಲು. ದಾರಿ ನೇರವಾಗಿಲ್ಲ, ಹಾವಿನ ಹಾಗೆ ತಿರುಗುತ್ತದೆ. ಶತ್ರುಗಳ ಆನೆ ಓಡಿಬಂದು ಬಾಗಿಲು ಗುದ್ದದಿರಲಿ ಎಂದು ಹಳೆಯ ಕೋಟೆಗಳಲ್ಲಿ ಹೀಗೆ ಮಾಡುತ್ತಿದ್ದರು. ಹವಾ ಪೋಲ್ ಹೆಸರಿಗೆ ತಕ್ಕ ಹಾಗಿದೆ. ಹೊರಗೆ ಸುಡುವ ಬಿಸಿಲಿದ್ದರೂ ಅದರ ಕೆಳಗೆ ತಂಗಾಳಿ. ಊರಿನ ಮುದುಕರು ಅಲ್ಲಿ ಜಗಲಿ ಹಿಡಿದು ಕೂತಿದ್ದರು. ನಾನೂ ಮಂಡಿ ನೋವಿನ ನೆಪದಲ್ಲಿ ಕಾಲು ಗಂಟೆ ಅವರ ಸಾಲಿನಲ್ಲೇ ಕೂತೆ. ಮೊಮ್ಮಗ ಮಾತ್ರ ಒಂದೊಂದು ಬಾಗಿಲಲ್ಲೂ ನಿಂತು ಚಪ್ಪಾಳೆ ತಟ್ಟಿ ನೋಡಿದ. "ಇಬ್ಬರು ತಟ್ಟಬೇಕು ಕಣೋ, ಒಬ್ಬನೇ ತಟ್ಟಿದರೆ ಏನು ಬರುತ್ತೆ?" ಎಂದು ತಾತನೂ ಕೈ ಸೇರಿಸಿದರು. ಏನೂ ಬರಲಿಲ್ಲ. ಒಂದು ಹಸು ಮಾತ್ರ ತಿರುಗಿ ನೋಡಿತು.

ಮೇಲೆ ಹೋದರೆ ದಸರಾ ಚೌಕ. ಅದರ ಪಕ್ಕದಲ್ಲೇ ಅರಮನೆ, ಇನ್ನೂ ಒಳಗೆ ನವಿರಾದ ಕೆತ್ತನೆಯ ಜೈನ ಬಸದಿಗಳು. ಬುರುಜಿನ ಮೇಲೆ ನಿಂತು ಕೆಳಗೆ ನೋಡಿದರೆ ಊರು, ಊರಿನಾಚೆ ಬಯಲು. ಸಿನಿಮಾದಲ್ಲಿ ಹಲ್ಲಾದ ಸೈನ್ಯ ಸೇರುವುದು ಇಂಥ ಬಯಲಿನಲ್ಲಿ. ನೂರಾರು ಒಂಟೆಗಳು, ಮೇಲೆ ಭರ್ಜಿ ಹಿಡಿದ ಸವಾರರು. ಇಂದಿನ ಹಾಗೆ ಹತ್ತು ಒಂಟೆ ನಿಲ್ಲಿಸಿ ಕಂಪ್ಯೂಟರಿನಲ್ಲಿ ಸಾವಿರ ಮಾಡುವ ಕಾಲವಲ್ಲ ಅದು. ಕಾಣುವ ಒಂದೊಂದು ಒಂಟೆಯೂ ನಿಜವಾದದ್ದು, ಒಂದೊಂದಕ್ಕೂ ನಿಜವಾದ ಒಡೆಯ, ನಿಜವಾದ ಮೇವು. ಹಣದ ಮುಗ್ಗಟ್ಟು ಎಷ್ಟಿತ್ತೆಂದರೆ, ಇಡೀ ಚಿತ್ರವನ್ನು ಬಣ್ಣದಲ್ಲಿ ತೆಗೆಯಬೇಕೆಂಬ ಆಸೆಯನ್ನು ಸತ್ಯಜಿತ್ ಕೈಬಿಡಬೇಕಾಯಿತು. ಚಿತ್ರ ಕಪ್ಪು ಬಿಳುಪು. ಕಟ್ಟಕಡೆಯ ದೃಶ್ಯ ಮಾತ್ರ ಬಣ್ಣದಲ್ಲಿದೆ. ಹಾಗಾಗಿ ಈ ಕೋಟೆಯ ಚಿನ್ನದ ಬಣ್ಣ ಆ ಚಿತ್ರದಲ್ಲಿ ಕಾಣುವುದಿಲ್ಲ. "ಸಿನಿಮಾದಲ್ಲಿ ಬೂದಿ ಬಣ್ಣ ಇತ್ತಲ್ಲ ಅಜ್ಜಿ, ಇಲ್ಲಿ ಯಾರೋ ಬಣ್ಣ ಹಚ್ಚಿಬಿಟ್ಟಿದ್ದಾರೆ," ಎಂದ ಮೊಮ್ಮಗ.

ಆ ಬಯಲಿನ ದೃಶ್ಯವೇ ಇಡೀ ಚಿತ್ರದ ಜೀವ. ಹಲ್ಲಾದ ಮಂತ್ರಿ ಹೊತ್ತುಹೊತ್ತಿಗೂ ಬಾಯಾಡಿಸುವ ಆಸಾಮಿ. ಅವನ ಗೂಢಚಾರ ಮಾತ್ರ ಗಾಳಿ ಬಂದರೆ ಹಾರಿಹೋಗುವಷ್ಟು ಬಡಕಲು. ಸೈನಿಕರ ಹೊಟ್ಟೆಗೂ ಏನಿಲ್ಲ. ಯುದ್ಧಕ್ಕೆ ಹೊರಡಿ ಎಂದು ಕೂಗಿದರೆ ಏಳಲೂ ತ್ರಾಣವಿಲ್ಲ. ಬೈದು ಹೊಡೆದು ಅವರನ್ನು ಎಬ್ಬಿಸುವ ಹೊತ್ತಿಗೆ ಗೂಪಿ ಹಾಡತೊಡಗುತ್ತಾನೆ, ಬಾಘಾ ಡೋಲು ಬಾರಿಸುತ್ತಾನೆ. ಎಲ್ಲರೂ ನಿಂತಲ್ಲೇ ಕಲ್ಲು. ಆಗ ಆಕಾಶದಿಂದ ಮಡಕೆಗಳು ಇಳಿಯತೊಡಗುತ್ತವೆ, ಒಂದಲ್ಲ ಎರಡಲ್ಲ, ಸಾಲು ಸಾಲು. ಮಡಕೆ ತುಂಬ ಸಿಹಿ! ಹಾಡು ನಿಂತದ್ದೇ ತಡ, ಸೈನಿಕರು ಭರ್ಜಿ ಬಿಸಾಕಿ, ಒಂಟೆ ಬಿಟ್ಟು, ಮಡಕೆಗಳ ಮೇಲೆ ಮುಗಿಬೀಳುತ್ತಾರೆ. ಮಂತ್ರಿಯೂ ಸುಮ್ಮನಿರುವುದಿಲ್ಲ. ಆ ಗದ್ದಲದಲ್ಲಿ ಗೂಪಿ ಬಾಘಾ ಹಲ್ಲಾದ ರಾಜನನ್ನು ಹಿಡಿದುಕೊಂಡು ಮಾಯಾ ಚಪ್ಪಲಿಯ ಬಲದಿಂದ ಶುಂಡಿಗೆ ಹಾರಿಬಿಡುತ್ತಾರೆ. ಬಹುಕಾಲದ ಮೇಲೆ ಅಣ್ಣ ತಮ್ಮಂದಿರ ಭೇಟಿಯಾಗುತ್ತದೆ. ಯುದ್ಧ ಮುಗಿಯಿತು. ಒಂದು ಹನಿ ರಕ್ತವಿಲ್ಲ.

ನಾವು ಆ ಸಂಜೆ ಪೇಟೆಯಲ್ಲಿ ಘೋಟುವಾ ಎಂಬ ಲಾಡು ಕೊಂಡೆವು. ಕಡಲೆಹಿಟ್ಟು, ತುಪ್ಪ, ಸಕ್ಕರೆಯ ಲಾಡು. ಈ ಊರಿನ ಹೆಸರಾದ ತಿಂಡಿ. ನಮ್ಮ ಬೇಸನ್ ಉಂಡೆಯ ದೂರದ ಸಂಬಂಧಿ ಎನ್ನಬಹುದು. ಅಂಗಡಿಯ ಮೆಟ್ಟಿಲ ಮೇಲೆ ಕೂತು ತಿಂದೆವು. ತಿಂದ ಮೇಲೆ ಮೊಮ್ಮಗ, "ಇದಕ್ಕಾದರೆ ನಾನೂ ಯುದ್ಧ ಬಿಡ್ತೀನಿ," ಎಂದು ತೀರ್ಪು ಕೊಟ್ಟ.

ಮಾರನೆಯ ದಿನ ನಾವು ನೋಡಿದ್ದು ಬೇರೆಯೇ ಯುದ್ಧ. ಜೈಸಲ್ಮೇರ್ ಗಡಿ ಜಿಲ್ಲೆ. ಜೋಧಪುರದ ಹೆದ್ದಾರಿಯಲ್ಲಿ ಊರಿನಿಂದ ಸ್ವಲ್ಪ ದೂರದಲ್ಲಿ ಸೇನೆಯವರು 2015ರಲ್ಲಿ ತೆರೆದ ಯುದ್ಧ ಸಂಗ್ರಹಾಲಯವಿದೆ. ಅಲ್ಲಿ ಹಂಟರ್ ವಿಮಾನವಿದೆ, ಟ್ಯಾಂಕುಗಳಿವೆ, ಲೋಂಗೇವಾಲಾ ಕದನದ ಕಥೆಯಿದೆ. 1971ರ ಡಿಸೆಂಬರ್ 4ರ ರಾತ್ರಿ ಲೋಂಗೇವಾಲಾ ಠಾಣೆಯಲ್ಲಿದ್ದ ನಮ್ಮ ಸುಮಾರು 120 ಸೈನಿಕರ ಎದುರಿಗೆ ಪಾಕಿಸ್ತಾನದ ಟ್ಯಾಂಕುಗಳ ಸಾಲೇ ಬಂದಿತ್ತು. ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ ಮುಂದಾಳುತನದಲ್ಲಿ ರಾತ್ರಿಯಿಡೀ ಅವರು ಜಾಗ ಬಿಡಲಿಲ್ಲ. ಬೆಳಕು ಹರಿದೊಡನೆ ಜೈಸಲ್ಮೇರಿನಿಂದ ಹಂಟರ್ ವಿಮಾನಗಳು ಹಾರಿ ಬಂದವು. ನಮ್ಮ ವಯಸ್ಸಿನವರಿಗೆ ಆ ದಿನಗಳು ನೆನಪಿವೆ. ರೇಡಿಯೋ ಸುತ್ತ ಇಡೀ ಬೀದಿಯೇ ಸೇರುತ್ತಿತ್ತು, ರಾತ್ರಿ ದೀಪ ಆರಿಸುತ್ತಿದ್ದರು.

ಯೋಚಿಸಿ ನೋಡಿ. ಸತ್ಯಜಿತ್ ಈ ಮರಳಿನ ಮೇಲೆ ಸೈನಿಕರಿಗೆ ಸಿಹಿ ಹಂಚಿದ್ದು 1965ರ ಯುದ್ಧಕ್ಕೂ 1971ರ ಯುದ್ಧಕ್ಕೂ ನಡುವಿನ ಕಾಲದಲ್ಲಿ. ನಾನು ಅದನ್ನೇ ನೆನೆಯುತ್ತ ಟ್ಯಾಂಕಿನ ಪಕ್ಕ ನಿಂತಿದ್ದೆ. ಮೊಮ್ಮಗ ಗೋಡೆಯ ಮೇಲಿದ್ದ ಸೈನಿಕರ ಹೆಸರುಗಳನ್ನು ಒಂದೊಂದಾಗಿ ಓದುತ್ತ ಹೋದ. ಅರ್ಧಕ್ಕೆ ನಿಲ್ಲಿಸಿ ಕೇಳಿದ: "ಅಜ್ಜಿ, ಇವರಿಗೆ ಯಾಕೆ ಮೇಲಿಂದ ಸಿಹಿ ಬರಲಿಲ್ಲ?"

ಅದು ಸಿನಿಮಾ ಕಣೋ ಎಂದು ಹೇಳಿ ಮುಗಿಸಬಹುದಿತ್ತು. ಮನಸ್ಸಾಗಲಿಲ್ಲ. ನಮ್ಮನೆಯವರು ಅವನ ಪಕ್ಕ ಕೂತು ತಿರುಗಿ ಕೇಳಿದರು: "ಸಿನಿಮಾದಲ್ಲಿ ಯುದ್ಧ ಬೇಕು ಅಂದವನು ಯಾರು?" "ಮಂತ್ರಿ." "ಅವನಿಗೆ ಹಸಿವಿತ್ತಾ?" "ಇಲ್ಲ, ತಿಂತಾನೇ ಇದ್ದ." "ಸೈನಿಕರಿಗೆ?" "ಹಸಿವಿತ್ತು." ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಅವನೇ ಹೇಳಿದ: "ಅಂದರೆ ಸೈನಿಕರಿಗೆ ಶುಂಡಿಯವರ ಮೇಲೆ ಸಿಟ್ಟೇ ಇರಲಿಲ್ಲ." ತಾತ ಅವನ ತಲೆ ಸವರಿದರು. ಲೋಂಗೇವಾಲಾದಲ್ಲಿ ನಮ್ಮವರು ಯುದ್ಧ ಕೇಳಿಕೊಂಡು ಹೋದವರಲ್ಲ, ಬಂದದ್ದನ್ನು ತಡೆದವರು ಎಂಬುದನ್ನೂ ಹೇಳಿದರು. ಹುಡುಗ ಉಳಿದ ಹೆಸರುಗಳನ್ನು ಓದಿ ಮುಗಿಸಿಯೇ ಹೊರಗೆ ಬಂದದ್ದು.

ನಗಿಸುವ ಮಕ್ಕಳ ಸಿನಿಮಾ ಮಾಡುವುದು ಸುಲಭ ಎಂದುಕೊಳ್ಳುವವರಿದ್ದಾರೆ. ನಾಲ್ಕು ಸಲ ಜಾರಿ ಬೀಳಿಸಿ, ಒಂದು ದೆವ್ವ ತಂದರೆ ಆಯಿತು ಎಂಬ ಲೆಕ್ಕ. ಗೂಪಿ ಬಾಘಾರ ಚಿತ್ರದಲ್ಲೂ ಜಾರಿ ಬೀಳುವುದಿದೆ, ದೆವ್ವಗಳಂತೂ ಗುಂಪುಗುಂಪಾಗಿವೆ. ಆದರೆ ಅದರ ನಗೆಯ ಕೆಳಗೆ ಹಸಿವು ನಿಜ, ಊರಿನಿಂದ ಅಟ್ಟಿಸಿಕೊಂಡವರ ಅವಮಾನ ನಿಜ. ಅದಕ್ಕೇ ಮಗು ಕೇಳುವ ಪ್ರಶ್ನೆಯೂ ನಿಜವಾದದ್ದೇ ಆಗಿರುತ್ತದೆ. ಕೊಟ್ಟ ವರ ಯಾವುದು ನೋಡಿ: ಚಿನ್ನವಲ್ಲ, ರಾಜ್ಯವಲ್ಲ, ಊಟ, ಬಟ್ಟೆ, ಓಡಾಟ, ಸಂಗೀತ. ಎರಡು ಬಡ ಜೀವಗಳು ಮೊದಲು ಕೇಳುವುದು ಅದನ್ನೇ ಅಲ್ಲವೇ?

ಈ ಚಿತ್ರಕ್ಕಾಗಿ ಜೈಸಲ್ಮೇರಿಗೆ ಬಂದ ಸತ್ಯಜಿತ್ ಅವರ ಮನಸ್ಸಿನಿಂದ ಈ ಕೋಟೆ ಹೋಗಲಿಲ್ಲ. ಇದನ್ನೇ ಇಟ್ಟುಕೊಂಡು ‘ಸೋನಾರ್ ಕೆಲ್ಲಾ’ ಎಂಬ ಪತ್ತೇದಾರಿ ಕಾದಂಬರಿ ಬರೆದರು, 1974ರಲ್ಲಿ ಅದನ್ನು ಚಿತ್ರವನ್ನಾಗಿ ಮಾಡಿದರು. ಸೋನಾರ್ ಕೆಲ್ಲಾ ಎಂದರೆ ಚಿನ್ನದ ಕೋಟೆ. ಮುಕುಲ್ ಎಂಬ ಪುಟ್ಟ ಹುಡುಗನಿಗೆ ಹಿಂದಿನ ಜನ್ಮದ ನೆನಪು. ಚಿನ್ನದ ಕೋಟೆಯ ಚಿತ್ರ ಬರೆಯುತ್ತಾನೆ. ಆ ಕೋಟೆಯಲ್ಲಿ ನಿಧಿ ಇದೆಯೆಂದು ಖದೀಮರು ಅವನ ಬೆನ್ನು ಹತ್ತುತ್ತಾರೆ. ಅವನನ್ನು ಕಾಯಲು ಪತ್ತೇದಾರ ಫೆಲೂದಾ ಹೊರಡುತ್ತಾನೆ. ಜೊತೆಗೆ ಜಟಾಯು ಎಂಬ ಹೆಸರಿನಲ್ಲಿ ಸಾಹಸ ಕಾದಂಬರಿ ಬರೆಯುವ, ಸ್ವತಃ ಒಂಟೆ ಕಂಡರೆ ನಡುಗುವ ಲೇಖಕ. ಈ ಜಟಾಯು ಆಗಿ ನಟಿಸಿದ್ದು ಶುಂಡಿ, ಹಲ್ಲಾಗಳ ರಾಜನಾಗಿದ್ದ ಅದೇ ಸಂತೋಷ್ ದತ್ತ. ಮಂತ್ರವಾದಿ ಬರ್ಫಿಯೂ ಇಲ್ಲಿ ಎಲ್ಲ ಬಲ್ಲ ದೊಡ್ಡಪ್ಪನಾಗಿ ಬರುತ್ತಾರೆ. ಈ ಸಲ ಚಿತ್ರ ಪೂರ್ತಿ ಬಣ್ಣದಲ್ಲಿದೆ. ಕೋಟೆಯ ಹಳದಿ ಕಲ್ಲನ್ನು ಕಣ್ತುಂಬ ನೋಡಬಹುದು.

ಜೋಧಪುರದಿಂದ ರೈಲಿನಲ್ಲಿ ಬರುವಾಗ ರಾಮದೇವ್ರಾ ಎಂಬ ನಿಲ್ದಾಣ ಸಿಗುತ್ತದೆ. ಸಿನಿಮಾದಲ್ಲಿ ಕಾರಿನ ಟೈರು ಪಂಕ್ಚರ್ ಆಗಿ, ಒಂಟೆ ಹತ್ತಿ ರೈಲಿನ ಹಿಂದೆ ಓಡಿ, ಕೊನೆಗೆ ಫೆಲೂದಾ ತಂಡ ರಾತ್ರಿಯ ರೈಲಿಗೆ ಕಾಯುವುದು ಇಲ್ಲಿಯೇ. ಮೊಮ್ಮಗ ಕಿಟಕಿಗೆ ಮೂಗು ಒತ್ತಿಕೊಂಡು ಹಳಿಯ ಪಕ್ಕದ ಒಂಟೆಗಳನ್ನು ಎಣಿಸಿದ. ಹದಿನಾಲ್ಕು ಸಿಕ್ಕವು. ಒಂದೂ ಓಡಲಿಲ್ಲ, ಎಲ್ಲವೂ ಮೆಲುಕು ಹಾಕುತ್ತಿದ್ದವು.

ಆ ಚಿತ್ರ ಬಂದ ಮೇಲೆ ಬಂಗಾಳದ ಜನ ಸಂಸಾರ ಸಮೇತ ಈ ಊರಿಗೆ ಬರತೊಡಗಿದರು. ಇಂದಿಗೂ ಬರುತ್ತಾರೆ. ಕೋಟೆಯೊಳಗಿನ ವ್ಯಾಪಾರಿಗಳು ಲೀಲಾಜಾಲವಾಗಿ ಬಂಗಾಳಿ ಮಾತಾಡುತ್ತಾರೆ. ಹಾಳುಬಿದ್ದ ಒಂದು ಭಾಗವನ್ನು ತೋರಿಸಿ ಇದೇ ಮುಕುಲನ ಮನೆ ಎನ್ನುತ್ತಾರೆ. ಕಥೆಯಲ್ಲಿ ಕಲ್ಪನೆಯ ಹುಡುಗ, ಅವನಿಗೆ ಕಲ್ಪನೆಯ ಹಿಂದಿನ ಜನ್ಮ. ಅವನ ಮನೆ ಮಾತ್ರ ಈ ಊರಿನಲ್ಲಿ ನಿಜವಾಗಿಬಿಟ್ಟಿದೆ!

ಅಂಗಡಿಗಳಲ್ಲಿ ಹಳದಿ ಕಲ್ಲಿನ ಬಟ್ಟಲುಗಳನ್ನು ಜೋಡಿಸಿಟ್ಟಿರುತ್ತಾರೆ. ನಾವು ಆಗದ ಮಾತಿಗೆ ಮೊಲದ ಕೊಂಬು, ಗಗನಕುಸುಮ ಎನ್ನುತ್ತೇವಲ್ಲ, ಬಂಗಾಳಿಯವರು ಅದಕ್ಕೆ ಚಿನ್ನದ ಕಲ್ಲುಬಟ್ಟಲು ಎನ್ನುತ್ತಾರೆ. ಚಿನ್ನದ್ದಾದರೆ ಕಲ್ಲಿನದಲ್ಲ, ಕಲ್ಲಿನದಾದರೆ ಚಿನ್ನದ್ದಲ್ಲ ಎಂದು ತರ್ಕ. ಜೈಸಲ್ಮೇರಿಗೆ ಬಂದರೆ ಆ ಆಗದ ವಸ್ತು ಅಂಗಡಿಯ ಮುಂದೆ ರಾಶಿ ಬಿದ್ದಿದೆ. ಚೌಕಾಶಿ ಮಾಡಿ ಒಂದು ತಂದಿದ್ದೇನೆ. ಅದರಲ್ಲಿ ಈಗ ನಮ್ಮ ಮನೆಯ ಉಪ್ಪಿನಕಾಯಿ ಕೂತಿದೆ.

ಆದರೆ ಈ ಚಿನ್ನದ ಕೋಟೆಗೆ ಒಂದು ಸಂಕಟವಿದೆ. ಇಲ್ಲಿ ಮಳೆ ಬಹಳ ಕಡಿಮೆ. ಹಿಂದೆ ಊರಿನ ಹೆಂಗಸರು ಹದಿನಾಲ್ಕನೆಯ ಶತಮಾನದ ಗಡಿಸರ್ ಕೆರೆಯಿಂದ ಕೊಡ ಹೊತ್ತು ನೀರು ತರುತ್ತಿದ್ದರು. ಹೊತ್ತು ತಂದ ನೀರನ್ನು ಯಾರೂ ಚೆಲ್ಲುವುದಿಲ್ಲ. ಆಮೇಲೆ ಕೊಳಾಯಿ ಬಂತು, ಒಳ್ಳೆಯದೇ ಆಯಿತು. ಪ್ರವಾಸಿಗರು ಬಂದರು, ಕೋಟೆಯೊಳಗೇ ವಸತಿಗೃಹಗಳಾದವು, ಸ್ನಾನದ ಮನೆಗಳಾದವು. ಬಳಸಿದ ನೀರು ಸೋರಿ ಗುಡ್ಡದೊಳಗೆ ಇಳಿಯಿತು. ಗುಡ್ಡದ ಅಡಿಯಲ್ಲಿ ಗಟ್ಟಿ ಬಂಡೆಯಿಲ್ಲ. ಜೇಡಿಯಂಥ ಮೆತ್ತನೆಯ ಪದರಗಳಿವೆ. ನೆನೆದರೆ ಸಡಿಲವಾಗುತ್ತವೆ, ಮೇಲಿನ ಗೋಡೆ ಕುಸಿಯುತ್ತದೆ. ಕೆಲವು ಬುರುಜುಗಳು ಹೀಗೆ ಬಿದ್ದಿವೆ. 2013ರಲ್ಲಿ ರಾಜಸ್ಥಾನದ ಗಿರಿದುರ್ಗಗಳ ಜೊತೆ ಇದೂ ವಿಶ್ವ ಪರಂಪರೆಯ ತಾಣವಾಯಿತು, ದುರಸ್ತಿಯೂ ನಡೆದಿದೆ. ಸಿನಿಮಾದ ಮೇಲಿನ ಪ್ರೀತಿಯಿಂದ ಬಂದ ನಮ್ಮಂಥವರ ಒಂದೊಂದು ಬಕೆಟ್ ನೀರೂ ಆ ಕೋಟೆಗೆ ಭಾರ ಎಂದು ತಿಳಿದು ನಾವು ಗುಡ್ಡದ ಕೆಳಗಿನ ಊರಿನಲ್ಲಿಯೇ ಕೋಣೆ ಹಿಡಿದೆವು. ಅದರಿಂದ ಇನ್ನೊಂದು ಲಾಭವೂ ಆಯಿತು: ಕೋಟೆಯೊಳಗೆ ಇದ್ದವರಿಗೆ ಕೋಟೆ ಕಾಣುವುದಿಲ್ಲ. ನಮಗೆ ಸಂಜೆ ಮಹಡಿಯ ಮೇಲಿನಿಂದ ಪೂರ್ತಿಯಾಗಿ ಕಾಣುತ್ತಿತ್ತು.

ಹೋಗುವವರಿಗೆ ಒಂದೆರಡು ಮಾತು. ಅಕ್ಟೋಬರಿನಿಂದ ಮಾರ್ಚ್‌ವರೆಗಿನ ಕಾಲ ಒಳ್ಳೆಯದು. ಬೆಂಗಳೂರಿನಿಂದ ಜೋಧಪುರಕ್ಕೆ ರೈಲಿದೆ. ಅಲ್ಲಿಂದ ಜೈಸಲ್ಮೇರಿಗೆ ರೈಲಿನಲ್ಲಿ ಐದಾರು ಗಂಟೆ. ಚಳಿಗಾಲದ ರಾತ್ರಿ ಮರುಭೂಮಿ ನಡುಗಿಸುತ್ತದೆ, ಶಾಲು ಸ್ವೆಟರ್ ಮರೆಯಬೇಡಿ. ಮಂಡಿ ನೋವಿನವರು ಬೆಳಗ್ಗೆ ಬೇಗ ಕೋಟೆ ಹತ್ತಿ ಹವಾ ಪೋಲ್‌ನಲ್ಲಿ ಕೂತು ಸುಧಾರಿಸಿಕೊಳ್ಳಿ. ಸುಮಾರು 40 ಕಿಲೋಮೀಟರ್ ದೂರದ ಸಮ್ ಮರಳ ದಿಬ್ಬಗಳಿಗೆ ಸಂಜೆ ಹೋಗಿ ಬರಬಹುದು. ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ. ಕೂತವರು ಮುಂದಕ್ಕೆ ಬಾಗದೆ ಹಿಂದಕ್ಕೆ ಒರಗಬೇಕು. ಜಟಾಯು ಅದನ್ನು ಕಲಿತ ಪಾಡನ್ನು ಸಿನಿಮಾದಲ್ಲಿ ನೋಡಿಕೊಂಡು ಹೋಗಿ.

ಹೋಗಲಾಗದವರು ಮನೆಯಲ್ಲೇ ಈ ಚಿತ್ರಗಳನ್ನು ನೋಡಬಹುದು. ಮಾತು ಬಂಗಾಳಿ, ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತದೆ. ಚಿಕ್ಕ ಮಕ್ಕಳಿಗೆ ಓದಲು ಆಗುವುದಿಲ್ಲ ಎಂದು ಚಿಂತಿಸಬೇಡಿ. ನಮ್ಮ ಮನೆಯಲ್ಲಿ ಗೂಪಿಯ ಮಾತು ನಾನು ಕನ್ನಡದಲ್ಲಿ ಹೇಳಿದೆ, ಬಾಘಾನ ಮಾತು ತಾತ ಹೇಳಿದರು, ದೆವ್ವದ ರಾಜನ ದನಿಯನ್ನು ಮೊಮ್ಮಗ ಮೂಗು ಹಿಡಿದುಕೊಂಡು ತಾನೇ ಹೇಳಿದ. ಅರ್ಧ ಮಾತು ತಪ್ಪಿಹೋಯಿತು, ನಗುವೇನೂ ಕಡಿಮೆಯಾಗಲಿಲ್ಲ. ಇಷ್ಟವಾದರೆ 1980ರಲ್ಲಿ ಬಂದ ಎರಡನೆಯ ಚಿತ್ರ ‘ಹೀರಕ್ ರಾಜಾರ್ ದೇಶೇ’ ಇದೆ. ಅದರಲ್ಲಿ ರಾಜ ಶಾಲೆಯನ್ನೇ ಮುಚ್ಚಿಸುತ್ತಾನೆ. ಶಾಲೆ ಮುಚ್ಚಿದರೆ ಮೊದಲು ಖುಷಿಪಡುವ ಮಕ್ಕಳು ಚಿತ್ರ ಮುಗಿಯುವ ಹೊತ್ತಿಗೆ ಮೇಷ್ಟ್ರ ಪಕ್ಷ ಸೇರುತ್ತಾರೆ!

ನೋಡಲು ಕೂರುವ ಮುನ್ನ ಅಡುಗೆಮನೆಯಲ್ಲಿ ಒಂದು ಡಬ್ಬಿ ಉಂಡೆಯನ್ನೋ ಮೈಸೂರು ಪಾಕನ್ನೋ ಸಿದ್ಧವಾಗಿಟ್ಟಿರಿ. ಮಡಕೆಗಳು ಇಳಿಯುವ ಹೊತ್ತಿಗೆ ಸರಿಯಾಗಿ ಮಕ್ಕಳ ಕೈ ಚಾಚಿಕೊಂಡಿರುತ್ತದೆ. ಅಜ್ಜಂದಿರ ಕೈಯೂ ಚಾಚಿದ್ದರೆ, ಸಕ್ಕರೆ ಕಾಯಿಲೆ ಇಲ್ಲದವರಿಗೆ ಮಾತ್ರ ಕೊಡಿ.